ಭಾಷಣ ಬರುತ್ತದೆ, ಮಾತು ಬರುವುದಿಲ್ಲ: ಏನು ಮಾಡೋಣ?

ಪ್ರಶ್ನೆ: ದಕ್ಷಿಣ ಕನ್ನಡದ ಒಂದು ಅನುದಾನಿತ ಕಥೋಲಿಕ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಐದರಿಂದ ಏಳನೇ ತರಗತಿಗೆ ಕನ್ನಡ, ಇಂಗ್ಲಿಷ್ ಎರಡನ್ನೂ ಕಲಿಸುತ್ತೇನೆ. ತರಗತಿಯಲ್ಲಿ 42 ಮಕ್ಕಳು. ಮನೆಯಲ್ಲಿ ಕೆಲವರದು ಕೊಂಕಣಿ, ಕೆಲವರದು ತುಳು, ಕೆಲವರದು ಬ್ಯಾರಿ. ಭಾಷಣ, ಕಂಠಪಾಠದಲ್ಲಿ ಬಹುಮಾನ ತರುತ್ತಾರೆ. ಆದರೆ ಪಾಠದ ನಡುವೆ "ಯಾಕೆ?" ಎಂದು ಕೇಳಿದರೆ ತಲೆ ತಗ್ಗಿಸುತ್ತಾರೆ, ಧೈರ್ಯವೇ ಇಲ್ಲ. ಒಬ್ಬರು ಮಾತಾಡುವಾಗ ಉಳಿದವರು ಕೇಳುವುದೂ ಇಲ್ಲ. ಈ ವರ್ಷ ಮಾತುಗಾರಿಕೆ ಮತ್ತು ಆಲಿಸುವಿಕೆಯನ್ನು ಬೆಳೆಸಬೇಕೆಂದು ಆಡಳಿತ ಮಂಡಳಿ ವಾರಕ್ಕೆ 40 ನಿಮಿಷದ ಒಂದು ಪೀರಿಯಡ್ ಕೊಟ್ಟಿದೆ. ಎಲ್ಲಿಂದ ಶುರು ಮಾಡಲಿ? ಶಾಲೆಯಲ್ಲಿ ಮನೆಮಾತು ಆಡಬಾರದೆಂಬ ನಿಯಮ ಬೇಕೇ? ತಿಂಗಳ ಮೊದಲ ಶುಕ್ರವಾರದ ಬಲಿಪೂಜೆಯಲ್ಲಿ ಮಕ್ಕಳು ಓದುವ ಬೈಬಲ್ ವಾಚನ, ಅಸೆಂಬ್ಲಿ ಇವನ್ನು ಹೇಗೆ ಬಳಸಿಕೊಳ್ಳಲಿ? ಅಂಕ ಹೇಗೆ ಕೊಡಲಿ?

ಉತ್ತರ: ಟೀಚರ್, ಧೈರ್ಯ ಇಲ್ಲದ ಮಗು ಇಡೀ ಶಾಲೆಯ ಮುಂದೆ ಮೈಕ್ ಹಿಡಿದು ಮೂರು ನಿಮಿಷ ಸ್ವಾತಂತ್ರ್ಯೋತ್ಸವದ ಭಾಷಣ ಒಪ್ಪಿಸುವುದಿಲ್ಲ. ನಿಮ್ಮ ಮಕ್ಕಳಿಗೆ ಇಲ್ಲದಿರುವುದು ಧೈರ್ಯವಲ್ಲ, ಅವರು ಏನು ಹೇಳುತ್ತಾರೋ ತಿಳಿಯಬೇಕೆಂದು ಕಾದಿರುವ ಕೇಳುಗರು.

ಒಂದು ದಿನ ಶಾಲೆಯಲ್ಲಿ ಮಕ್ಕಳು ಬಾಯಿ ತೆರೆಯುವ ಸಂದರ್ಭಗಳನ್ನೆಲ್ಲ ಪಟ್ಟಿ ಮಾಡಿ. ಬೆಳಗಿನ ಪ್ರಾರ್ಥನೆ, ನಾಡಗೀತೆ, "ಗುಡ್ ಮಾರ್ನಿಂಗ್ ಟೀಚರ್", ಮಗ್ಗಿ, ಪದ್ಯ, ಊಟಕ್ಕೆ ಮೊದಲಿನ ಪ್ರಾರ್ಥನೆ, ದೊತೊರ್ನಿನ (ಕಥೋಲಿಕ ಧರ್ಮೋಪದೇಶದ) ಪ್ರಶ್ನೋತ್ತರ, ಸಂಜೆಯ ಪ್ರಾರ್ಥನೆ. ಬಹುಪಾಲು ಎಲ್ಲರೂ ಒಟ್ಟಾಗಿ ಹೇಳುವಂಥವು, ಕೇಳುವವರಿಗೆ ಮೊದಲೇ ಗೊತ್ತಿರುವಂಥವು. ಕಥೋಲಿಕ ಶಾಲೆಗಳಲ್ಲಿ ಇಂಥ ಸಂದರ್ಭಗಳು ಬೇರೆ ಶಾಲೆಗಳಿಗಿಂತ ತುಸು ಜಾಸ್ತಿ. ಅದರಿಂದ ಲಾಭವೂ ಇದೆ: ಉಸಿರು, ಲಯ, ಉಚ್ಚಾರ, ಸಭೆಗೆ ಹೆದರದಿರುವುದು ಎಲ್ಲ ಅಲ್ಲೇ ಬರುತ್ತವೆ. ಹಾಗಾಗಿ ಕಂಠಪಾಠವನ್ನು ಕಿತ್ತುಹಾಕಬೇಕೆಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ಆದರೆ ಎದುರಿನವರಿಗೆ ಗೊತ್ತಿಲ್ಲದ್ದನ್ನು ತಿಳಿಸುವ ಅಭ್ಯಾಸ ಅದರಿಂದ ಬರುವುದಿಲ್ಲ.

ಯೇಸುಸಭೆಯವರು (ಜೆಸ್ವಿಟ್ ಪಾದ್ರಿಗಳು) 1599ರಲ್ಲಿ ತಮ್ಮ ಶಾಲೆಗಳಿಗಾಗಿ ಹೊರಡಿಸಿದ 'ರಾಸಿಯೊ ಸ್ಟುಡಿಯೋರುಮ್' ಎಂಬ ಶಿಕ್ಷಣ ಕ್ರಮದಲ್ಲೂ ಬಾಯಿಪಾಠ ಧಾರಾಳವಾಗಿತ್ತು. ಆದರೆ ಅಲ್ಲಿ ಒಪ್ಪಿಸುವ ಹುಡುಗನ ಎದುರು ಅದನ್ನು ಕೇಳಿ ಗುರುತು ಹಾಕುವ ಇನ್ನೊಬ್ಬ ಹುಡುಗ ಇರುತ್ತಿದ್ದ. ಇಬ್ಬರು ಎದುರಾಳಿಗಳು ಪರಸ್ಪರ ಪ್ರಶ್ನೆ ಹಾಕಿ, ಒಬ್ಬರ ತಪ್ಪನ್ನು ಇನ್ನೊಬ್ಬರು ಹಿಡಿಯುವ ಪಂದ್ಯವೂ ಇತ್ತು. ಕೇಳುವವನಿಗೂ ಒಂದು ಕೆಲಸವಿತ್ತು. ಕಾಲಕ್ರಮದಲ್ಲಿ ನಮ್ಮ ಶಾಲೆಗಳು ಒಪ್ಪಿಸುವವನನ್ನು ಉಳಿಸಿಕೊಂಡು ಕೇಳುವವನನ್ನು ಬಿಟ್ಟುಬಿಟ್ಟವು.

ಆದ್ದರಿಂದ ಯಾವುದೇ ಚಟುವಟಿಕೆ ಆರಿಸುವ ಮುಂಚೆ ಎರಡು ಪ್ರಶ್ನೆ ಹಾಕಿಕೊಳ್ಳಿ. ಹೇಳುವ ವಿಷಯ ಕೇಳುವವರಿಗೆ ಗೊತ್ತಿಲ್ಲದ್ದೇ? ಕೇಳಿದ ಮೇಲೆ ಅವರು ಕಣ್ಣಿಗೆ ಕಾಣುವಂಥ ಏನನ್ನಾದರೂ ಮಾಡಬೇಕಾಗಿದೆಯೇ, ಅಂದರೆ ಚಿತ್ರ ಬಿಡಿಸುವುದು, ಗುರುತು ಹಾಕುವುದು, ತಿರುಗಿ ಹೇಳುವುದು, ಪ್ರಶ್ನೆ ಕೇಳುವುದು? ಎರಡರಲ್ಲಿ ಒಂದಕ್ಕೆ ಉತ್ತರ "ಇಲ್ಲ" ಎಂದಾದರೂ ಅದು ವೇಷ ಬದಲಿಸಿದ ಕಂಠಪಾಠವೇ.

ಮೊದಲ ನಾಲ್ಕು ವಾರ ಭಾಷಣದ ಸುದ್ದಿಗೇ ಹೋಗದೆ ಕಿವಿಯಿಂದ ಶುರು ಮಾಡಿ. ಎಲ್ಲಕ್ಕಿಂತ ಸುಲಭದ್ದು ಬೆನ್ನಿಗೆ ಬೆನ್ನು ಕೊಟ್ಟು ಚಿತ್ರ ಬಿಡಿಸುವ ಆಟ. ಎ-ಫೋರ್ ಹಾಳೆಯನ್ನು ನಾಲ್ಕು ತುಂಡು ಮಾಡಿ, ಒಂದರಲ್ಲಿ ಐದೇ ಆಕೃತಿಗಳ ಚಿತ್ರ ಬರೆಯಿರಿ: ಒಂದು ಮನೆ, ಅದರ ಎಡಕ್ಕೆ ತೆಂಗಿನ ಮರ, ಮಾಡಿನ ಮೇಲೊಂದು ಹಕ್ಕಿ, ಬಾಗಿಲ ಮುಂದೆ ಬಾವಿ, ಬಲಮೂಲೆಯಲ್ಲಿ ಅರ್ಧ ಕಾಣುವ ಸೂರ್ಯ. ಇಂಥ ಎರಡು ಬಗೆಯ ಚಿತ್ರ ಬೇಕು, 42 ಮಕ್ಕಳಿಗೆ ಪ್ರತಿ ಬಗೆಯದರಲ್ಲಿ 21 ಪ್ರತಿ. ಒಬ್ಬರು ನೋಡಿ ಹೇಳಬೇಕು, ಬೆನ್ನು ತಿರುಗಿಸಿ ಕೂತವರು ಕೇಳಿ ಬರೆಯಬೇಕು. ಸಮಯ ಮೂರು ನಿಮಿಷ. ಮೊದಲ ಸುತ್ತಿನಲ್ಲಿ ಬರೆಯುವವರು ಪ್ರಶ್ನೆ ಕೇಳುವಂತಿಲ್ಲ. ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಹಕ್ಕಿ ಬಾವಿಯೊಳಗಿರುತ್ತದೆ, ಮಕ್ಕಳು ನಗುತ್ತಾರೆ. ನಗಲಿ. ಆಗ ಕೇಳಿ: "ಯಾವ ಮಾತು ಹೇಳಿದ್ದರೆ ಸರಿಯಾಗುತ್ತಿತ್ತು?" ಅಂಚಿಗೆ ತಾಗಿ, ಹೆಬ್ಬೆರಳಿನಷ್ಟು, ಎರಡರ ನಡುವೆ, ಅರ್ಧ ಮಾತ್ರ ಎಂಬಂಥ ಮಾತುಗಳು ಅವರ ಬಾಯಿಂದಲೇ ಬರುತ್ತವೆ. ಅವನ್ನು ಬೋರ್ಡಿನ ಮೇಲೆ ಬರೆಯಿರಿ. ಎರಡನೇ ಸುತ್ತಿನಲ್ಲಿ ಇನ್ನೊಂದು ಚಿತ್ರ, ಪಾತ್ರ ಅದಲುಬದಲು, ಈಗ ಪ್ರಶ್ನೆ ಕೇಳಬಹುದು. ಎರಡು ಸುತ್ತಿನ ಚಿತ್ರಗಳಲ್ಲಿ ಕಾಣುವ ವ್ಯತ್ಯಾಸವೇ ಪಾಠ. ಪ್ರಶ್ನೆ ಕೇಳಿದರೆ ಚಿತ್ರ ಸರಿಯಾಗುತ್ತದೆ ಎಂಬುದನ್ನು ಅವರು ಕಣ್ಣಾರೆ ಕಂಡಿರುತ್ತಾರೆ.

ಈ ಆಟ ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ಚಿತ್ರದಲ್ಲಿ ಹತ್ತು ವಸ್ತು ತುಂಬಿದರೆ ಹೇಳುವವರು ಸೋತು ಕೈ ತೋರಿಸತೊಡಗುತ್ತಾರೆ. ಬೆಂಚಿನಲ್ಲಿ ಮೂವರು ಕೂತಿದ್ದರೆ ನಡುವಿನ ಮಗು ಎರಡೂ ಚಿತ್ರ ನೋಡಿಬಿಡುತ್ತದೆ, ಆದ್ದರಿಂದ ಮೂರನೆಯವರಿಗೆ ಗಮನಿಸುವ ಕೆಲಸ ಕೊಡಿ: ಗೊಂದಲ ಮಾಡಿದ ಒಂದು ಮಾತು, ಚೆನ್ನಾಗಿ ತಿಳಿಸಿದ ಒಂದು ಮಾತು ಬರೆದಿಡಬೇಕು. ಮೂರನೆಯದು ಟೀಚರ್ ನಡುವೆ ಬಾಯಿ ಹಾಕಿ ಸಹಾಯ ಮಾಡುವುದು. ನಿಮಗೆ ಕಷ್ಟವಾದರೂ ಆ ಮೂರು ನಿಮಿಷ ಸುಮ್ಮನಿರಿ.

ಮೂರನೇ ವಾರಕ್ಕೆ ಕೇಳಿ ಕಟ್ಟುವ ಪಠ್ಯ. ಸುಮಾರು 50 ಪದಗಳ ಒಂದು ಪರಿಚ್ಛೇದ ಸಾಕು. ಉದಾಹರಣೆಗೆ ಇದು:

"ಶಂಕರಪುರದ ಸುತ್ತಮುತ್ತ ಮಲ್ಲಿಗೆ ಬೆಳೆಯುವ ಮನೆಗಳಲ್ಲಿ ಬೆಳಿಗ್ಗೆ ಬೇಗನೆ ಮೊಗ್ಗು ಕೊಯ್ಯುತ್ತಾರೆ. ತಡವಾದರೆ ಮೊಗ್ಗು ಅರಳುತ್ತದೆ, ಬೆಲೆ ಇಳಿಯುತ್ತದೆ. ಕೊಯ್ದ ಮೊಗ್ಗನ್ನು ಬಾಳೆನಾರಿನಲ್ಲಿ ಕಟ್ಟುತ್ತಾರೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಯಲ್ಲಿ 3,200 ಹೂವು. ಮದುವೆ, ಹಬ್ಬಗಳ ಕಾಲದಲ್ಲಿ ಬೇಡಿಕೆ ಹೆಚ್ಚಿ ದರ ಏರುತ್ತದೆ. ಮಳೆಗಾಲದಲ್ಲಿ ಹೂವೇ ಕಡಿಮೆ. ಹಾಗಾಗಿ ಬೆಳೆಗಾರರು ದಿನವೂ ಆ ದಿನದ ದರ ಕೇಳಿಕೊಳ್ಳುತ್ತಾರೆ."

ಇದನ್ನು ಎರಡೇ ಸಲ, ಮಾಮೂಲಿ ವೇಗದಲ್ಲಿ ಓದಿ. ಮೊದಲ ಸಲ ಪೆನ್ನು ಕೆಳಗಿರಬೇಕು. ಎರಡನೇ ಸಲ ಮುಖ್ಯ ಪದಗಳನ್ನಷ್ಟೇ ಗುರುತು ಹಾಕಿಕೊಳ್ಳಬಹುದು. ಆಮೇಲೆ ನಾಲ್ವರ ಗುಂಪು ಸೇರಿ ಎಂಟು ನಿಮಿಷದಲ್ಲಿ ಅದೇ ವಿಷಯವನ್ನು ತಮ್ಮ ವಾಕ್ಯಗಳಲ್ಲಿ ಕಟ್ಟಬೇಕು. ಒಬ್ಬರಿಗೆ 800 ನೆನಪಿರುತ್ತದೆ, ಇನ್ನೊಬ್ಬರಿಗೆ ಬಾಳೆನಾರು. "ಚೆಂಡು ದೊಡ್ಡದಾ, ಅಟ್ಟೆ ದೊಡ್ಡದಾ?" ಎಂಬ ಜಗಳ ಹುಟ್ಟಿತೆಂದರೆ ಪಾಠ ನಡೆಯುತ್ತಿದೆ ಎಂದರ್ಥ. ಮಲ್ಲಿಗೆ ಕಟ್ಟುವ ಮನೆಯ ಮಗು ಅಲ್ಲಿದ್ದರೆ ಇನ್ನೂ ಒಳ್ಳೆಯದು, ನೀವು ಓದಿದ್ದನ್ನೇ ಅದು ತಿದ್ದಬಹುದು. ನೀವು ನಿಧಾನವಾಗಿ, ಬಿಡಿಸಿ ಬಿಡಿಸಿ ಓದಿದಿರೋ, ಇದು ಉಕ್ತಲೇಖನವಾಗಿಬಿಡುತ್ತದೆ. ಎಲ್ಲರೂ ಎಲ್ಲವನ್ನೂ ಬರೆದುಕೊಳ್ಳುತ್ತಾರೆ, ಮಾತಾಡುವ ಅಗತ್ಯವೇ ಉಳಿಯುವುದಿಲ್ಲ. ಕನ್ನಡದಲ್ಲಿ ನಿಮಿಷಕ್ಕೆ 80 ಪದಗಳ ಆಸುಪಾಸಿನಲ್ಲಿ ಓದಿದರೆ ಸರಿಹೋಗುತ್ತದೆ. ಇಂಗ್ಲಿಷ್ ಪಠ್ಯದ ಉದ್ದವನ್ನು ಈ ವಯಸ್ಸಿನವರಿಗೆ 40 ಪದಕ್ಕೆ ಇಳಿಸಿ, ಮೂರು ಸಲ ಓದಿ.

ಕಾಲದ ಒಂದು ಎಚ್ಚರಿಕೆ. ಜೂನ್, ಜುಲೈಯಲ್ಲಿ ಹಂಚಿನ ಅಥವಾ ಶೀಟಿನ ಮಾಡಿನ ಮೇಲೆ ಮಳೆ ಜಡಿಯುವಾಗ ಹಿಂದಿನ ಬೆಂಚಿಗೆ ನಿಮ್ಮ ದನಿಯೇ ತಲುಪುವುದಿಲ್ಲ. ಆ ದಿನ ಆಲಿಸುವ ಪಾಠ ಇಟ್ಟುಕೊಂಡರೆ ಮಕ್ಕಳು ಕೇಳದಿರುವುದನ್ನೇ ಕಲಿಯುತ್ತಾರೆ. ಮಳೆ ಜೋರಿದ್ದರೆ ಪಕ್ಕದವರೊಡನೆ ಆಡುವ ಜೋಡಿ ಮಾತಿಗೆ ತಿರುಗಿಕೊಳ್ಳಿ.

ಈಗ ನಿಮ್ಮ "ಯಾಕೆ?"ಗೆ ಬರೋಣ. ವಾರಕ್ಕೊಂದು ಪೀರಿಯಡ್‌ಗಿಂತ ಉಳಿದ ಪೀರಿಯಡ್‌ಗಳಲ್ಲಿ ನೀವು ಪ್ರಶ್ನೆ ಕೇಳುವ ರೀತಿಯೇ ಮಕ್ಕಳನ್ನು ಹೆಚ್ಚು ಬದಲಿಸುತ್ತದೆ. ಅಮೆರಿಕದ ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳನ್ನು ಅಧ್ಯಯನ ಮಾಡಿ, ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ ಎಂದು ತೋರಿಸಿದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, "ಗೊತ್ತಿಲ್ಲ" ಕಡಿಮೆಯಾಯಿತು, ಮಕ್ಕಳೇ ಪ್ರಶ್ನೆ ಕೇಳತೊಡಗಿದರು. ನಿಮ್ಮಲ್ಲಿ ಮಗು ತುಳುವಿನಲ್ಲೋ ಬ್ಯಾರಿಯಲ್ಲೋ ಯೋಚಿಸಿ ಕನ್ನಡಕ್ಕೆ ತರಬೇಕು. ಅದಕ್ಕೆ ಮೂರು ಸಾಲದು, ಐದು ಸೆಕೆಂಡು ಕೊಡಿ. ಮನಸ್ಸಿನಲ್ಲೇ ಎಣಿಸಿ. ಉತ್ತರ ಬಂದ ಮೇಲೂ ಎರಡು ಸೆಕೆಂಡು ಸುಮ್ಮನಿರಿ. ಹೆಚ್ಚಿನ ಸಲ ಮಗು ತಾನಾಗಿಯೇ "ಯಾಕಂದ್ರೆ…" ಎಂದು ಮುಂದುವರಿಸುತ್ತದೆ.

ಇನ್ನೊಂದು ಅಭ್ಯಾಸವನ್ನು ಇಂದೇ ಬಿಡಿ: ಮಗು ಮೆಲ್ಲಗೆ ಹೇಳಿದ ಉತ್ತರವನ್ನು ನೀವು ಜೋರಾಗಿ ಮತ್ತೊಮ್ಮೆ ಹೇಳುವುದು. ಒಳ್ಳೆಯ ಉದ್ದೇಶದಿಂದ ಎಲ್ಲ ಶಿಕ್ಷಕರೂ ಮಾಡುತ್ತಾರೆ. ಆದರೆ ಅದರಿಂದ ತರಗತಿ ಕಲಿಯುವುದೇನು? ಗೆಳೆಯರು ಹೇಳುವಾಗ ಕೇಳಬೇಕಾಗಿಲ್ಲ, ಹೇಗೂ ಟೀಚರ್ ಹೇಳುತ್ತಾರೆ ಎಂದು. "ಒಬ್ಬರು ಮಾತಾಡುವಾಗ ಉಳಿದವರು ಕೇಳುವುದಿಲ್ಲ" ಎಂಬ ನಿಮ್ಮ ದೂರಿಗೆ ಅರ್ಧ ಕಾರಣ ಇಲ್ಲಿದೆ. ಬದಲಿಗೆ ತರಗತಿಯ ಹಿಂದಕ್ಕೆ ನಡೆದು ಹೋಗಿ "ಇಲ್ಲಿಗೆ ಕೇಳುವಂತೆ ಹೇಳು ಮಗಾ" ಅನ್ನಿ. ಆಮೇಲೆ ಇನ್ನೊಬ್ಬರಿಗೆ "ಅವಳು ಏನಂದಳು? ನಿನ್ನ ಮಾತಿನಲ್ಲಿ ಹೇಳು" ಅನ್ನಿ. ಮೊದಲ ವಾರ ಯಾರಿಗೂ ಹೇಳಲು ಬರುವುದಿಲ್ಲ. ಬೈಯಬೇಡಿ, ಹೇಳಿದವಳಿಂದ ಮತ್ತೊಮ್ಮೆ ಹೇಳಿಸಿ ಅವರಿಗೇ ಮತ್ತೆ ಅವಕಾಶ ಕೊಡಿ. ದಿನಕ್ಕೆ ನಾಲ್ಕೈದು ಸಲವಾದರೂ ಇದು ನಡೆದರೆ ಕೆಲವೇ ವಾರಗಳಲ್ಲಿ ಮಕ್ಕಳ ತಲೆ ಹೇಳುವವರ ಕಡೆ ತಿರುಗತೊಡಗುತ್ತದೆ.

ಗೋಡೆಯ ಮೇಲೆ ನಾಲ್ಕೇ ವಾಕ್ಯ ಅಂಟಿಸಿ: "ನನಗೆ ಹಾಗೆ ಕಾಣುವುದಿಲ್ಲ, ಯಾಕೆಂದರೆ…", "ನೀನು ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ…", "ಅಂದರೆ ನೀನು ಹೇಳುವುದು … ಅಂತಲಾ?", "ಅದು ನಿನಗೆ ಹೇಗೆ ಗೊತ್ತಾಯಿತು?" ಇಪ್ಪತ್ತು ವಾಕ್ಯಗಳ ಬಣ್ಣದ ಚಾರ್ಟು ಅಂಟಿಸಿದರೆ ಯಾರೂ ನೋಡುವುದಿಲ್ಲ. ಕೊನೆಯ ವಾಕ್ಯವನ್ನು ಮಕ್ಕಳು ನಿಮ್ಮ ಮೇಲೂ ಪ್ರಯೋಗಿಸುತ್ತಾರೆ. ಆಗ ಉತ್ತರ ಕೊಡಿ, ಗದರಬೇಡಿ. ಒಮ್ಮೆ ಗದರಿದರೆ ಚಾರ್ಟು ಸುಳ್ಳೆಂದು ಇಡೀ ತರಗತಿಗೆ ತಿಳಿಯುತ್ತದೆ.

ಐದನೇ ವಾರದಿಂದ ಉದ್ದನೆಯ ಮಾತು. ಇದಕ್ಕೆ ವಿಷಯದ ಆಯ್ಕೆಯೇ ಮುಖ್ಯ. 'ಪರಿಸರ ಸಂರಕ್ಷಣೆ', 'ಮೊಬೈಲಿನ ಅನುಕೂಲ ಅನನುಕೂಲ' ಕೊಟ್ಟರೆ ಅಪ್ಪನ ಫೋನಿನಿಂದ ಇಳಿಸಿದ ಹಾಳೆ ಬರುತ್ತದೆ. ಮಗುವಿಗೆ ಕೈಯಾರೆ ಗೊತ್ತಿರುವ, ಪಕ್ಕದವರಿಗೆ ಗೊತ್ತಿಲ್ಲದ ಕೆಲಸ ಕೇಳಿ: ಹರಿದ ಬಲೆ ಹೊಲಿಯುವುದು, ಬೀಡಿ ಕಟ್ಟುವುದು, ಹೇಂಟೆಯನ್ನು ಕಾವಿಗೆ ಕೂರಿಸುವುದು, ಅಡಿಕೆ ಒಣಗಿಸುವುದು, ಪತ್ರೊಡೆ ಸುತ್ತುವುದು. ಸೆಪ್ಟೆಂಬರ್ ತಿಂಗಳು ಇದಕ್ಕೆ ಹೇಳಿ ಮಾಡಿಸಿದ್ದು. 8ರಂದು ಕೊಂಕಣಿ ಕಥೋಲಿಕರ ಮೊಂತಿ ಫೆಸ್ತ್ (ಮೇರಿ ಮಾತೆಯ ಹುಟ್ಟುಹಬ್ಬ), ಹೊಸ ಭತ್ತದ ತೆನೆ ಮನೆಗೆ ಬರುತ್ತದೆ. ತುಳುವರ ಮನೆಗಳಲ್ಲೂ ಆಸುಪಾಸಿನಲ್ಲಿ ತೆನೆ ಕಟ್ಟುವುದು, ಹೊಸ ಅಕ್ಕಿ ಊಟ ಇರುತ್ತದೆ. "ನಿಮ್ಮಲ್ಲಿ ತೆನೆ ಯಾರು ತರುತ್ತಾರೆ, ಎಲ್ಲಿ ಕಟ್ಟುತ್ತಾರೆ, ಆ ದಿನ ಏನು ಉಣ್ಣುತ್ತೀರಿ?" ಎಂದು ಕೊಂಕಣಿ ಮನೆಯ ಮಗು ತುಳು ಮನೆಯ ಮಗುವನ್ನು ಕೇಳಲಿ, ಆಮೇಲೆ ಅದಲುಬದಲಾಗಲಿ. ಹಬ್ಬ ಇಲ್ಲದ ಮನೆಯ ಮಕ್ಕಳೇ ಇಲ್ಲಿ ಅತ್ಯುತ್ತಮ ಸಂದರ್ಶಕರು, ಅವರಿಗೆ ಏನೂ ಮೊದಲೇ ಗೊತ್ತಿರುವುದಿಲ್ಲ. ಅವರ ಸರದಿ ಬಂದಾಗ ಅವರ ಮನೆಯ ಹಬ್ಬದ ಅಡುಗೆ ಕೇಳಿ.

ಒಂದೇ ವಿಷಯವನ್ನು ಮೂರು ಸಲ, ಮೂರು ಬೇರೆ ಕೇಳುಗರಿಗೆ, ಸಮಯ ಇಳಿಸುತ್ತ ಹೇಳಿಸಿ. ದೊಡ್ಡವರಿಗೆ ನಾಲ್ಕು, ಮೂರು, ಎರಡು ನಿಮಿಷದ ಕ್ರಮವಿದೆ. ನಿಮ್ಮ ಮಕ್ಕಳಿಗೆ ಎರಡು ನಿಮಿಷ, ಒಂದೂವರೆ, ಒಂದು ಸಾಕು. ಮೊದಲ ಸಲ ತಡವರಿಕೆ, ಎರಡನೇ ಸಲ ಪದಗಳು ಸಿಗುತ್ತವೆ, ಮೂರನೇ ಸಲ ಬೇಡದ್ದು ತಾನಾಗಿ ಉದುರುತ್ತದೆ. ಕೇಳುಗರು ಬದಲಾಗಲೇಬೇಕು. ಒಬ್ಬರಿಗೇ ಮೂರು ಸಲ ಹೇಳಿಸಿದರೆ ಎರಡನೆಯದರಲ್ಲೇ ಇಬ್ಬರಿಗೂ ಬೇಜಾರು. ಮಕ್ಕಳನ್ನು ಒಳಸುತ್ತು, ಹೊರಸುತ್ತು ಎಂದು ಎದುರುಬದುರು ನಿಲ್ಲಿಸಿ, ಹೊರಸುತ್ತು ಮಾತ್ರ ಒಂದು ಹೆಜ್ಜೆ ಸರಿದರೆ ಕೇಳುಗ ಬದಲಾದ ಹಾಗೆ. ಜಾಗ ಇಲ್ಲದಿದ್ದರೆ ಚಾವಡಿಗೆ, ಹಾಲ್‌ಗೆ ಹೋಗಿ. ಪ್ರತಿ ಕೇಳುಗರೂ ಕೊನೆಗೆ ಒಂದು ಪ್ರಶ್ನೆ ಕೇಳಲೇಬೇಕೆಂಬುದು ನಿಯಮ. ಒಂದು ಸುತ್ತಿನ ಮೂರು ಸರದಿಗೆ ಪ್ರಶ್ನೆ ಸೇರಿ ಎಂಟು ನಿಮಿಷ, ಇನ್ನೊಂದು ಸುತ್ತಿನವರಿಗೆ ಮತ್ತೆ ಎಂಟು. ಯೋಚಿಸಲು ಆರಂಭದಲ್ಲಿ ಐದು, ಕೊನೆಯಲ್ಲಿ ನಿಮ್ಮ ಮಾತಿಗೆ ಹತ್ತು, ಓಡಾಟಕ್ಕೆ ಉಳಿದದ್ದು. 40 ನಿಮಿಷದಲ್ಲಿ 42 ಮಕ್ಕಳೂ ನಾಲ್ಕೂವರೆ ನಿಮಿಷದಷ್ಟು ಮಾತಾಡಿರುತ್ತಾರೆ. ಒಬ್ಬೊಬ್ಬರನ್ನೇ ಎದುರು ಕರೆದು ನಿಲ್ಲಿಸಿದರೆ ತಲೆಗೆ ಒಂದು ನಿಮಿಷವೂ ಬರುವುದಿಲ್ಲ.

ಗುಂಪು ಚರ್ಚೆಯಲ್ಲಿ ಇಬ್ಬರೇ ಮಾತಾಡಿ ಮುಗಿಸುವ ಸಮಸ್ಯೆಗೆ ಹುಣಿಸೆ ಬೀಜ. ತಲೆಗೆ ಮೂರು ಬೀಜ, ಮಾತಾಡಿದಾಗಲೆಲ್ಲ ಒಂದನ್ನು ನಡುವೆ ಇಡಬೇಕು, ಮುಗಿದವರು ಉಳಿದವರ ಬೀಜ ಮುಗಿಯುವವರೆಗೆ ಕೇಳಬೇಕು. ಎರಡು ಮೂರು ತಿಂಗಳಾದ ಮೇಲೆ ಬೀಜ ತೆಗೆದುಬಿಡಿ. ಹಾಗೇ ಇಟ್ಟರೆ ಮಕ್ಕಳು ಬೀಜ ಖಾಲಿ ಮಾಡಲಿಕ್ಕಾಗಿ ಮಾತಾಡುತ್ತಾರೆ.

ಗದ್ದಲದ ಬಗ್ಗೆ: 21 ಜೋಡಿ ಒಟ್ಟಿಗೆ ಮಾತಾಡಿದರೆ ಸದ್ದಾಗುತ್ತದೆ, ಪಕ್ಕದ ತರಗತಿಯ ಟೀಚರ್ ಇಣುಕುತ್ತಾರೆ. ಎತ್ತರದ ಮಾಡಿನ ಹಳೆಯ ಕಟ್ಟಡವಾದರೆ ಪ್ರತಿಧ್ವನಿಯೂ ಸೇರುತ್ತದೆ. "ಒಂದು ಮೊಳದ ದನಿ" ಎಂದು ಮಕ್ಕಳಿಗೆ ಅಭ್ಯಾಸ ಮಾಡಿಸಿ, ಅಂದರೆ ಒಂದು ಮೊಳ ದೂರ ಕೂತವರಿಗೆ ಮಾತ್ರ ಕೇಳಬೇಕು. ನಿಲ್ಲಿಸುವ ಗುರುತು ಚಪ್ಪಾಳೆಯಾದರೆ ಅದೂ ಗದ್ದಲದಲ್ಲಿ ಮುಳುಗುತ್ತದೆ. ನೀವು ಕೈ ಎತ್ತಿ, ನೋಡಿದವರು ಮಾತು ನಿಲ್ಲಿಸಿ ಕೈ ಎತ್ತಲಿ. ಮುಖ್ಯೋಪಾಧ್ಯಾಯಿನಿ ಸಿಸ್ಟರ್‌ಗೆ ಮೊದಲೇ ತಿಳಿಸಿ, ಒಮ್ಮೆ ಒಳಗೆ ಕರೆದು ಕೂರಿಸಿಕೊಳ್ಳಿ.

ಮನೆಮಾತಿನ ಪ್ರಶ್ನೆಗೆ ನೇರ ಉತ್ತರ: ನಿಷೇಧ ಬೇಡ. ದಂಡ, ಕೊರಳಿಗೆ ಬೋರ್ಡು, ಲೀಡರ್ ಕೈಲಿ ಹೆಸರು ಬರೆಸುವುದಂತೂ ಬೇಡವೇ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮು ಮಗುವನ್ನು ಭಯ, ಆತಂಕಗಳಿಂದ ಮುಕ್ತಗೊಳಿಸಿ ಅಭಿಪ್ರಾಯವನ್ನು ಮುಕ್ತವಾಗಿ ಹೇಳಲು ನೆರವಾಗಬೇಕು ಎನ್ನುತ್ತದೆ. ಅಲ್ಪಸಂಖ್ಯಾತ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು, ನಿಜ. ಹಾಗೆಂದು ಅದೇನೂ ದಂಡ ಹಾಕಲು ಸಿಕ್ಕ ಪರವಾನಗಿಯಲ್ಲ. ಕಾನೂನು ಬದಿಗಿಟ್ಟರೂ ಲೆಕ್ಕ ಸರಳ. ನಿಷೇಧವಿರುವ ಕಡೆ ಮಕ್ಕಳು ಕನ್ನಡವನ್ನೋ ಇಂಗ್ಲಿಷನ್ನೋ ಹೆಚ್ಚು ಆಡುವುದಿಲ್ಲ, ಟೀಚರ್ ಹತ್ತಿರವಿರುವಾಗ ಬಾಯಿ ಮುಚ್ಚುತ್ತಾರೆ ಅಷ್ಟೆ.

ಬದಲಿಗೆ ಯಾವ ಹಂತದಲ್ಲಿ ಯಾವ ಭಾಷೆ ಎಂದು ನೀವೇ ಗೊತ್ತುಮಾಡಿ. ಯೋಚಿಸುವ ಐದು ನಿಮಿಷ ಒಂದೇ ಮನೆಮಾತಿನವರು ಜೋಡಿಯಾಗಿ ತಮ್ಮ ಭಾಷೆಯಲ್ಲೇ ಮಾತಾಡಲಿ. ಹೇಳುವ ಹಂತದಲ್ಲಿ ಜೋಡಿ ಬದಲಿಸಿ, ತುಳುವಿನ ಮಗುವಿಗೆ ಬ್ಯಾರಿ ಮಗು ಎದುರಾಗಲಿ. ನಮ್ಮೂರಿನ ಮಕ್ಕಳಿಗೆ ತುಳು ಹೇಗೂ ಬರುತ್ತದೆ, ಹಾಗಾಗಿ ಅದಕ್ಕೆ ಜಾರುತ್ತಾರೆ. ಜಾರಿದಾಗ ಕೇಳುಗ "ಕನ್ನಡದಲ್ಲಿ?" ಎಂದು ನೆನಪಿಸಿದರೆ ಸಾಕು. ಇಂಗ್ಲಿಷ್ ಪೀರಿಯಡ್‌ನಲ್ಲಿ ಆ ದಿನದ ಮಾತಿಗೆ ಬೇಕಾಗುವ ಆರೇಳು ಪದಗುಚ್ಛಗಳನ್ನು ಮೊದಲೇ ಬೋರ್ಡಿನಲ್ಲಿ ಬರೆದುಕೊಡಿ. ಪದವೇ ಇಲ್ಲದ ಮಗುವಿಗೆ ಧೈರ್ಯ ತುಂಬಿ ಏನು ಪ್ರಯೋಜನ?

ಉಚ್ಚಾರ ತಿದ್ದುವುದನ್ನು ಮಾತಿನ ನಡುವೆ ಮಾಡಬೇಡಿ. ತುಳು ಮಾತಾಡುವ ಮಗು 'ಭಾರತ'ವನ್ನು 'ಬಾರತ' ಎನ್ನುವುದು ಆ ಭಾಷೆಯಲ್ಲಿ ಮಹಾಪ್ರಾಣ ಇಲ್ಲದ್ದರಿಂದ, ಅಶ್ರದ್ಧೆಯಿಂದಲ್ಲ. ಕೇಳಿಸಿದ ತಪ್ಪುಗಳಲ್ಲಿ ಮೂರನ್ನಷ್ಟೇ ಆರಿಸಿ ಪೀರಿಯಡ್‌ನ ಕೊನೆಗೆ, ಯಾರ ಹೆಸರೂ ಹೇಳದೆ, ಎಲ್ಲರಿಂದ ಹೇಳಿಸಿ. ಅರ್ಥ ಕೆಡಿಸುವಂಥವಕ್ಕೆ ಮೊದಲ ಸ್ಥಾನ: 'ಹಲ್ಲಿ' 'ಹಳ್ಳಿ', 'ಕಲ್ಲು' 'ಕಳ್ಳು'.

ಇನ್ನು ಪೂಜೆಯ ವಾಚನ. ಅದರ ತಯಾರಿಯಲ್ಲಿ ಮಾತು, ಆಲಿಸುವಿಕೆ ಎರಡಕ್ಕೂ ಕೆಲಸವಿದೆ. ಹಿಂದಿನ ಸಂಜೆ ಕೈಗೆ ಕೊಟ್ಟರೆ ಮಾತ್ರ ಏನೂ ಆಗುವುದಿಲ್ಲ. ಸೋಮವಾರವೇ ಪಠ್ಯ ಕೊಡಿ. ಮೊದಲ ದಿನ ಗಟ್ಟಿಯಾಗಿ ಓದಿಸಬೇಡಿ. "ಇಲ್ಲಿ ಯಾರು ಯಾರಿಗೆ ಹೇಳುತ್ತಿದ್ದಾರೆ? ಕೋಪದಲ್ಲೋ, ಸಮಾಧಾನ ಮಾಡಲೋ?" ಎಂದು ಕೇಳಿ. ಸಂತ ಪೌಲರ ಪತ್ರಗಳ ವಾಕ್ಯ ನಾಲ್ಕು ಸಾಲಿನುದ್ದ ಇರುತ್ತದೆ. ಅರ್ಥವಾಗದ ಮಗು ಉಸಿರು ಮುಗಿದಲ್ಲಿ ನಿಲ್ಲುತ್ತದೆ, ಅರ್ಥ ಮುಗಿದಲ್ಲಲ್ಲ. ಪೆನ್ಸಿಲಿನಿಂದ ಸಣ್ಣ ನಿಲುಗಡೆಗೆ ಒಂದು ಗೆರೆ, ದೊಡ್ಡದಕ್ಕೆ ಎರಡು ಗೆರೆ ಹಾಕಿಸಿ. 'ಹಬಕ್ಕೂಕ', 'ಥೆಸಲೋನಿಕ' ಇಂಥ ಹೆಸರುಗಳನ್ನು ಬೇರೆಯಾಗಿ ಹೇಳಿಸಿ. ಬುಧವಾರ ದೇವಾಲಯದಲ್ಲೇ ಅಭ್ಯಾಸ. ಇನ್ನೊಂದು ಮಗು ಕೊನೆಯ ಬೆಂಚಿನಲ್ಲಿ ಕೂತು, ಕೇಳಿಸದಾಗ ಕೈ ಎತ್ತಬೇಕು. ಮೈಕ್ ಬಾಯಿಂದ ಸುಮಾರು ಒಂದು ಗೇಣು ದೂರ, ಗಲ್ಲಕ್ಕಿಂತ ತುಸು ಕೆಳಗಿರಲಿ. ಬಾಯಿಗೇ ಹಿಡಿದರೆ ಪ, ಬ ಅಕ್ಷರಗಳು ಸಿಡಿಯುತ್ತವೆ. ದೊಡ್ಡ ದೇವಾಲಯದಲ್ಲಿ ದನಿ ಗೋಡೆಗೆ ಬಡಿದು ಹಿಂದೆ ಬರುತ್ತದೆ, ಅದು ಅಡಗುವವರೆಗೆ ಪ್ರತಿ ವಾಕ್ಯದ ಕೊನೆಗೆ ಕಾಯುವುದನ್ನು ಕಲಿಸಿ. ಶುಕ್ರವಾರ ಪೂಜೆಯಾದ ಮೇಲೆ ತರಗತಿಯಲ್ಲಿ "ಚೆನ್ನಾಗಿ ಓದಿದಳು" ಎಂಬ ಹೊಗಳಿಕೆ ಸಾಲದು. "ವಾಚನದಲ್ಲಿ ಏನು ಕೇಳಿಸಿತು?" ಎಂದು ಇಬ್ಬರನ್ನು ಕೇಳಿ.

1973ರಲ್ಲಿ ರೋಮ್ ಹೊರಡಿಸಿದ ಮಕ್ಕಳ ಪೂಜೆಯ ಮಾರ್ಗಸೂಚಿ ಇಲ್ಲಿ ನಿಮ್ಮ ಬೆಂಬಲಕ್ಕಿದೆ. ಪಠ್ಯ ಒಗ್ಗುವಂತಿದ್ದರೆ, ಈಸ್ಟರಿಗೆ ಮುಂಚಿನ ಪವಿತ್ರ ವಾರದಲ್ಲಿ ಪ್ರಭುವಿನ ಯಾತನೆಯ ವೃತ್ತಾಂತವನ್ನು ಪಾತ್ರ ಹಂಚಿ ಓದುವ ಹಾಗೆ, ಮಕ್ಕಳಿಗೂ ಭಾಗ ಹಂಚಿ ಓದಿಸಬಹುದು ಎಂದು ಅದು ಹೇಳುತ್ತದೆ. ಫಾದರ್ ಜತೆ ಮಾತಾಡಿ ಇದನ್ನು ಬಳಸಿ. ಅದಕ್ಕಿಂತಲೂ ಫಲ ಕೊಡುವುದು ವಿಶ್ವಾಸಿಗಳ ಪ್ರಾರ್ಥನೆ, ಅಂದರೆ ಪೂಜೆಯ ನಡುವೆ ಎಲ್ಲರ ಪರವಾಗಿ ಒಪ್ಪಿಸುವ ಬಿನ್ನಹಗಳು. ಪುಸ್ತಕದಿಂದ ನಕಲು ಮಾಡಿಸದೆ ಐದು ಗುಂಪುಗಳಿಗೆ ಒಂದೊಂದು ಬಿನ್ನಹ ಬರೆಯಲು ಬಿಡಿ: ಎರಡೇ ವಾಕ್ಯ, ಯಾರಿಗಾಗಿ, ಏನು ಬೇಡುತ್ತೇವೆ. ಯಾರಿಗಾಗಿ ಎಂಬುದು ಗುಂಪಿನ ಚರ್ಚೆಯಿಂದ ಬರಬೇಕು. "ಲೋಕದ ಶಾಂತಿಗಾಗಿ" ಎಂದು ಬರೆದರೆ ಹಿಂದಕ್ಕೆ ಕಳುಹಿಸಿ. ಕಡಲಿಗೆ ಹೋದ ಅಪ್ಪಂದಿರಿಗಾಗಿ, ಆಸ್ಪತ್ರೆಯಲ್ಲಿರುವ ಬಸ್ ಡ್ರೈವರ್ ಅಂಕಲ್‌ಗಾಗಿ ಎಂದು ಬರೆದರೆ ಇಟ್ಟುಕೊಳ್ಳಿ.

ಆದರೆ ಒಂದು ಗಡಿ ಇದೆ. ಸಂವಿಧಾನದ 28(3)ನೇ ವಿಧಿಯ ಪ್ರಕಾರ, ಸರಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಯಾವ ವಿದ್ಯಾರ್ಥಿಯನ್ನೂ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗೋ ಪೂಜೆಗೋ ಹಾಜರಾಗಲು ಒತ್ತಾಯಿಸುವಂತಿಲ್ಲ. ಮಗು ಅಪ್ರಾಪ್ತವಾದ್ದರಿಂದ ಪಾಲಕರ ಒಪ್ಪಿಗೆ ಬೇಕು. ಆದ್ದರಿಂದ ಪೂಜೆಯ ವಾಚನಕ್ಕೆ ಅಂಕ ಇಡಬೇಡಿ. ಅಂಕ ಇಟ್ಟರೆ ಅರ್ಧ ತರಗತಿಗೆ ಆ ಅಂಕದ ದಾರಿಯೇ ಇಲ್ಲ. ಅದೇ ತರಬೇತಿಯನ್ನು, ಗೆರೆ ಹಾಕುವುದರಿಂದ ಹಿಡಿದು ಕೊನೆಯ ಬೆಂಚಿನ ಕೇಳುಗನವರೆಗೆ, ಅಸೆಂಬ್ಲಿಯಲ್ಲಿ ಎಲ್ಲರಿಗೂ ಕೊಡಿ.

ಅಸೆಂಬ್ಲಿಯಲ್ಲಿ ಎರಡು ಬದಲಾವಣೆ ಸಾಕು. ಪತ್ರಿಕೆಯ ತಲೆಬರಹಗಳನ್ನು ಹಾಳೆ ನೋಡಿ ಓದುವ ಬದಲು ಒಂದೇ ಸುದ್ದಿಯನ್ನು ಹಾಳೆಯಿಲ್ಲದೆ ಒಂದೂವರೆ ನಿಮಿಷ ಹೇಳಲಿ. ಹೇಳಿದವರೇ ಸಭೆಗೆ ಎರಡು ಪ್ರಶ್ನೆ ಹಾಕಲಿ, ಅದರಲ್ಲಿ ಒಂದು "ಯಾಕೆ" ಇರಲಿ. ಯಾವ ತರಗತಿಗೆ ಪ್ರಶ್ನೆ ಬರುತ್ತದೆಂದು ಮೊದಲೇ ತಿಳಿಸಬೇಡಿ.

ಏಳನೇ ತರಗತಿಗೆ ವರ್ಷದ ಉತ್ತರಾರ್ಧದಲ್ಲಿ ಕಥೋಲಿಕ ವಿದ್ಯಾರ್ಥಿಗಳ ಸಂಘಟನೆಯಾದ ವೈ.ಸಿ.ಎಸ್. ಗುಂಪುಗಳಲ್ಲಿ ರೂಢಿಯಿರುವ, ಬೆಲ್ಜಿಯಮ್ಮಿನ ಕಾರ್ಡಿನಲ್ ಕಾರ್ಡಿನ್ ರೂಪಿಸಿದ "ನೋಡು, ವಿವೇಚಿಸು, ಕಾರ್ಯಮಾಡು" ಕ್ರಮವನ್ನು ಮೌಲ್ಯ ಶಿಕ್ಷಣದ ಪೀರಿಯಡ್‌ಗೆ ತನ್ನಿ. ಬಿಸಿಯೂಟದಲ್ಲಿ ಅನ್ನ ಉಳಿಯುವುದು ಯಾಕೆ ಎಂಬಂಥ ವಿಷಯ ತೆಗೆದುಕೊಂಡು ಮೂರು ಹಂತಕ್ಕೂ ಹತ್ತು ಹತ್ತು ನಿಮಿಷ ಕೊಡಿ. ಮಕ್ಕಳು ನೇರ ಮೂರನೆಯದಕ್ಕೆ ಹಾರಿ "ಪೋಸ್ಟರ್ ಮಾಡೋಣ" ಅನ್ನುತ್ತಾರೆ. ಕಣ್ಣಾರೆ ನೋಡಿದ್ದನ್ನು, ಅಡುಗೆಯವರನ್ನು ಕೇಳಿ ತಿಳಿದದ್ದನ್ನು ಹೇಳದೆ ಎರಡನೇ ಹಂತಕ್ಕೆ ಬಿಡಬೇಡಿ.

ಅಂಕದ ವಿಷಯ. 42 ಮಕ್ಕಳನ್ನು ಒಂದೇ ದಿನ ಪರೀಕ್ಷಿಸಲು ಹೋದರೆ ಮತ್ತೆ ಭಾಷಣ ಸ್ಪರ್ಧೆಯೇ ಆಗುತ್ತದೆ. ವಾರಕ್ಕೆ ಐವರನ್ನು, ಅವರಿಗೆ ತಿಳಿಸದೆ ಗಮನಿಸಿ. ಒಂಬತ್ತು ವಾರಕ್ಕೆ ಒಂದು ಸುತ್ತು ಮುಗಿಯುತ್ತದೆ. ನೋಡಬೇಕಾದದ್ದು ಐದು: ಎದುರಿನವರಿಗೆ ಕೇಳುವಂತೆ ಹೇಳಿದರೇ, ವಿಷಯ ಕ್ರಮವಾಗಿ ಬಂತೇ, ಕಾರಣ ಕೊಟ್ಟರೇ, ಇನ್ನೊಬ್ಬರು ಹೇಳಿದ್ದನ್ನು ಎತ್ತಿಕೊಂಡು ಮಾತಾಡಿದರೇ, ಕೇಳಿದ್ದನ್ನು ಸರಿಯಾಗಿ ತಿರುಗಿ ಹೇಳಿದರೇ. ಒಂದೊಂದಕ್ಕೆ 0, 1, 2, ಒಟ್ಟು 10. ಇದನ್ನು ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. 'ಹಾವಭಾವ'ಕ್ಕೆ ಅಂಕ ಇಡಬೇಡಿ. ಇಟ್ಟರೆ ಕೈ ಬೀಸುವ ಭಾಷಣ ಮರಳಿ ಬರುತ್ತದೆ. ನಿಮ್ಮ ಮಕ್ಕಳಲ್ಲಿ ಕೆಲವರು ಮುಂದೆ ಐಸಿಎಸ್‌ಇ ಪ್ರೌಢಶಾಲೆಗೆ ಹೋಗುವವರಿದ್ದರೆ ಅವರಿಗೂ ಇದು ಉಪಯೋಗಕ್ಕೆ ಬರುತ್ತದೆ. ಅಲ್ಲಿ ಇಂಗ್ಲಿಷ್ ಭಾಷೆಯ ಆಂತರಿಕ ಮೌಲ್ಯಮಾಪನದ 20 ಅಂಕ ಆಲಿಸುವಿಕೆ ಮತ್ತು ಮಾತಿಗೇ ಮೀಸಲು. ಮಾತಿನ ಪರೀಕ್ಷೆಯಲ್ಲಿ ಟಿಪ್ಪಣಿ ನೋಡಿ ಓದಿದರೆ ಅಂಕ ಹೋಗುತ್ತದೆ.

ಇಷ್ಟೆಲ್ಲ ಮಾಡಿದರೂ ಒಂದಿಬ್ಬರು ಮಾತಾಡದೆ ಉಳಿಯಬಹುದು. ಹಟ ಎಂದು ತೀರ್ಮಾನಿಸುವ ಮುಂಚೆ ಕಿವಿ ನೋಡಿಸಿ. ಪದೇ ಪದೇ "ಹಾಂ?" ಅನ್ನುವ, ನಿಮ್ಮ ತುಟಿಯನ್ನೇ ನೋಡುವ, ಪಕ್ಕದವರು ಪುಸ್ತಕ ತೆರೆದ ಮೇಲೆ ತಾನೂ ತೆರೆಯುವ ಮಗುವಿಗೆ ಕೇಳಿಸುತ್ತಿಲ್ಲದಿರಬಹುದು. ಮಳೆಗಾಲದ ಶೀತದಲ್ಲಿ ಕಿವಿ ಕಟ್ಟುವುದು, ಸೋರುವುದು ಸಾಮಾನ್ಯ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡ ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಬರುತ್ತದೆ. ಅವರು ಬಂದಾಗ ತೋರಿಸಲು ಹೆಸರುಗಳ ಪಟ್ಟಿ ಸಿದ್ಧವಿರಲಿ. ತೊದಲುವ ಮಗುವಿನ ವಾಕ್ಯವನ್ನು ನೀವು ಪೂರ್ತಿ ಮಾಡಬೇಡಿ, "ನಿಧಾನ, ಉಸಿರು ತಗೋ" ಎಂದೂ ಹೇಳಬೇಡಿ. ಮುಖ ನೋಡುತ್ತ ಕಾಯಿರಿ. ಮೂರು ಸಲ ಹೇಳುವ ಚಟುವಟಿಕೆಯಲ್ಲಿ ಅಂಥವರಿಗೆ ಸಮಯದ ಮಿತಿ ತೆಗೆದುಬಿಡಿ. ಹೆಚ್ಚಿನ ನೆರವಿಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ.

ಆಡಳಿತ ಮಂಡಳಿ ಡಿಸೆಂಬರ್‌ನಲ್ಲಿ "ಏನಾಯಿತು?" ಎಂದು ಕೇಳುತ್ತದೆ. ಅದಕ್ಕೆ ಈಗಲೇ ತಯಾರಿ ಮಾಡಿಕೊಳ್ಳಿ. ಪಾಲಕರ ಒಪ್ಪಿಗೆ ಪಡೆದು, ಆರು ಮಕ್ಕಳ ಒಂದು ಗುಂಪಿನ ಐದು ನಿಮಿಷದ ಚರ್ಚೆಯನ್ನು ಈ ವಾರವೇ ಫೋನಿನಲ್ಲಿ ಧ್ವನಿಮುದ್ರಿಸಿ. ಡಿಸೆಂಬರ್ ಮೊದಲ ವಾರದಲ್ಲಿ ಅದೇ ಆರು ಮಕ್ಕಳಿಗೆ ಅದೇ ಬಗೆಯ ಬೇರೆ ವಿಷಯ ಕೊಟ್ಟು ಮತ್ತೊಮ್ಮೆ ಮುದ್ರಿಸಿ. ಎರಡನ್ನೂ ಕೇಳಿ ಮೂರು ಲೆಕ್ಕ ಬರೆಯಿರಿ: ಎಷ್ಟು ಮಕ್ಕಳು ಮಾತಾಡಿದರು, "ಯಾಕೆಂದರೆ" ಎಷ್ಟು ಸಲ ಬಂತು, ಒಬ್ಬರ ಮಾತನ್ನು ಇನ್ನೊಬ್ಬರು ಎಷ್ಟು ಸಲ ಎತ್ತಿಕೊಂಡರು. ಈ ಮೂರು ಅಂಕಿಗಳನ್ನು ಮಂಡಳಿಯ ಮುಂದಿಡಿ. ಧ್ವನಿಮುದ್ರಣವನ್ನು ಶಾಲೆಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ, ಲೆಕ್ಕ ಮುಗಿದ ಮೇಲೆ ಅಳಿಸಿಹಾಕಿ.